ಪೀಠಿಕೆಯೂ ಹಿತ್ತಲ ಗೂಡಿನ ಲೋಟವೂ

ಕಳೆದ ಗಣರಾಜ್ಯೋತ್ಸವದ ಹಿಂದಿನ ಸಂಜೆ ನನ್ನ ಮೊಮ್ಮಗಳು ಪಡಸಾಲೆಯಲ್ಲಿ ಕುಳಿತು ಸಂವಿಧಾನದ ಪೀಠಿಕೆಯನ್ನು ಬಾಯಿಪಾಠ ಮಾಡುತ್ತಿದ್ದಳು. ನ್ಯಾಯ, ಸ್ವಾತಂತ್ರ್ಯ, ಸಮಾನತೆಗಳನ್ನು ದಾಟಿ ಭ್ರಾತೃಭಾವನೆಯ ಬಳಿ ತಡೆದು, "ಅಜ್ಜಾ, ಹಂಗಂದ್ರ ಏನು?" ಎಂದಳು. ಮಠದಲ್ಲಿ ಶಾಸ್ತ್ರಾಧ್ಯಯನ ಮಾಡಿ, ನಾಲ್ಕು ದಶಕ ಪ್ರವಚನ ಹೇಳಿದ ನನಗೆ ಉತ್ತರ ಸಿದ್ಧವಾಗಿಯೇ ಇತ್ತು: "ಎಲ್ಲರೂ ಒಂದೇ ಮನೆಯವರೆಂದು ಬಾಳೂದು, ತಂಗಿ." ಕೂಸು ಹಿತ್ತಲ ಗೂಡಿನತ್ತ ನೋಡಿ, "ಹಂಗಾದ್ರ ಆ ಲೋಟ ಯಾಕ ಬ್ಯಾರೆ ಇಟ್ಟೀವಿ?" ಎಂದಿತು.

ಹೊಲದ ಕೆಲಸಕ್ಕೆ ಬರುವ ಆಳಿಗೆ ಚಹಾ ಕೊಡಲು ನಮ್ಮ ತಂದೆಯವರ ಕಾಲದಿಂದಲೂ ಒಂದು ಲೋಟ ಆ ಗೂಡಿನಲ್ಲಿರುತ್ತಿತ್ತು. ನನ್ನಲ್ಲಿ ಉತ್ತರವಿರಲಿಲ್ಲ.

ಆ ರಾತ್ರಿ ಸಂವಿಧಾನ ರಚನೆಯ ಇತಿಹಾಸವನ್ನು ಮತ್ತೆ ತೆರೆದೆ. 1946ರ ಡಿಸೆಂಬರ್ 13ರಂದು ಜವಾಹರಲಾಲ್ ನೆಹರೂ ಅವರು ಸಂವಿಧಾನ ಸಭೆಯ ಮುಂದೆ ಧ್ಯೇಯಗಳ ನಿರ್ಣಯವನ್ನು ಮಂಡಿಸಿದರು. 1947ರ ಜನವರಿ 22ರಂದು ಸಭೆ ಅದನ್ನು ಅಂಗೀಕರಿಸಿತು. ನ್ಯಾಯ, ಸ್ವಾತಂತ್ರ್ಯ, ಸಮಾನತೆಗಳು ಅದರಲ್ಲಿದ್ದವು, ಭ್ರಾತೃಭಾವನೆ ಇರಲಿಲ್ಲ. ಡಾ. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿಯು 1948ರ ಕರಡಿನಲ್ಲಿ ಅದನ್ನು ಸೇರಿಸಿತು. ದೇಶವಿಭಜನೆಯ ಗಾಯ ಹಸಿಯಾಗಿದ್ದ ಆ ಹೊತ್ತಿನಲ್ಲಿ ಸೋದರಭಾವದ ಅಗತ್ಯ ಎಂದಿಗಿಂತಲೂ ಹೆಚ್ಚಾಗಿದೆಯೆಂಬುದು ಸಮಿತಿಯ ಭಾವನೆಯಾಗಿತ್ತು.

1949ರ ನವೆಂಬರ್ 25ರಂದು ಅಂಬೇಡ್ಕರ್ ಅವರು ಸಭೆಗೆ ಕೊಟ್ಟ ಎಚ್ಚರಿಕೆ ಇನ್ನೂ ಗಂಭೀರವಾದುದು. ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವಗಳನ್ನು ಬಿಡಿಬಿಡಿಯಾಗಿ ಕಾಣಲಾಗದು. ಭ್ರಾತೃತ್ವವಿಲ್ಲದಿದ್ದರೆ ಉಳಿದೆರಡು ಸಹಜವಾಗಿ ನಡೆಯಲಾರವು, ಅವುಗಳನ್ನು ನಡೆಸಲು ಪೊಲೀಸಿನವನು ಬೇಕಾದೀತು ಎಂಬುದು ಅವರ ಮಾತಿನ ಸಾರ. ಮರುದಿನ ಸಂವಿಧಾನ ಅಂಗೀಕಾರವಾಯಿತು. ಅದರ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1955ರಲ್ಲಿ ಅದನ್ನು ಆಚರಿಸುವವರಿಗೆ ಶಿಕ್ಷೆ ವಿಧಿಸುವ ಕಾಯಿದೆಯೂ ಬಂದಿತು. ಆದರೂ ನಮ್ಮ ಗೂಡಿನ ಲೋಟ ಕದಲಲಿಲ್ಲ. ಅಲ್ಲಿಗೆ ಯಾವ ಪೊಲೀಸಿನವನೂ ಬರಲಿಲ್ಲ, ನಾನೂ ಹೋಗಲಿಲ್ಲ.

ಸಂವಿಧಾನವು ವಚನಗಳಿಂದಲೇ ಹುಟ್ಟಿತೆಂದು ಕೆಲವರು ಅಭಿಮಾನದಿಂದ ಹೇಳುವುದುಂಟು. ಅಷ್ಟು ದೂರ ಹೋಗಲು ನಾನು ಸಿದ್ಧನಲ್ಲ. ಆದರೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ವಿವಾಹವಾಯಿತೆಂದೂ, ಅದಕ್ಕಾಗಿ ಆ ತಂದೆಯರು ಪ್ರಾಣ ತೆತ್ತರೆಂದೂ ನಮ್ಮ ಪರಂಪರೆ ಹೇಳುತ್ತದೆ. ಅವರ ಕಥೆಯನ್ನು ವೇದಿಕೆಯ ಮೇಲೆ ಕಣ್ಣೀರು ತಂದುಕೊಂಡು ಹೇಳಿದವನ ಮನೆಯಲ್ಲಿ ಲೋಟ ಬೇರೆ! ಶರಣರು ನುಡಿ ನಡೆಗಳಲ್ಲಿ ಒಂದಾಗಿರಬೇಕೆಂದು ಬಯಸಿದ್ದು ಇಂಥ ಪ್ರವಚನಕಾರನಿಂದಲೇ ಅಲ್ಲವೆ?

ಮರುದಿನ ಬೆಳಿಗ್ಗೆ ಆತ ಬಂದಾಗ ಒಳಗಿನ ಲೋಟದಲ್ಲಿ ಚಹಾ ತಂದು, ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಕೂಡಲು ಹೇಳಿದೆ. "ಇರ‍್ಲಿ ಬಿಡ್ರಿ ಯಪ್ಪಾ" ಎಂದು ಆತ ನಿಂತೇ ಕುಡಿದ. ತೊಳೆಯಲು ನೀರು ಹುಡುಕಿದ. ಮೊಮ್ಮಗಳು ಆ ಲೋಟವನ್ನು ಆತನ ಕೈಯಿಂದ ಇಸಿದುಕೊಂಡು ಒಳಗೆ ಒಯ್ದಳು. ನಾಲ್ವತ್ತು ವರ್ಷ ನಾನು ನಿಲ್ಲಿಸಿದವನು ಒಂದೇ ಮುಂಜಾನೆ ಹೇಗೆ ಕುಳಿತಾನು? ಆತ ಕೂಡುವವರೆಗೆ ಕರೆಯುವುದು ಈಗ ನನ್ನ ನಿತ್ಯನೇಮಗಳಲ್ಲಿ ಒಂದಾಗಿದೆ.

ಶರಣಬಂಧುಗಳೇ, ಪೀಠಿಕೆಯನ್ನು ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಅದರ ಅರ್ಥವನ್ನು ಅವರು ಹುಡುಕುವುದು ಮನೆಯಲ್ಲಿ. ನಿಮ್ಮ ಹಿತ್ತಲ ಗೂಡನ್ನೊಮ್ಮೆ ನೋಡಿಕೊಳ್ಳಿರಿ.

ಶರಣು ಶರಣಾರ್ಥಿ.