ಸ್ಟೋರ್ಸ್‌ನ ರಾಯರು ಮತ್ತು 316 ಮೀಟರ್ ರಾಡ್

ಹೋದ ತಿಂಗಳು ತಿಪಟೂರಿನ ಪರಿಚಿತರೊಬ್ಬರು ಮಗನನ್ನು ಕರೆದುಕೊಂಡು ಮನೆಗೆ ಬಂದಿದ್ದರು. ಅವರದು ಅಲ್ಲಿ ದಿನಸಿ ಅಂಗಡಿ. ಹುಡುಗ ಬಿ.ಕಾಂ. ಮುಗಿಸಿದ್ದಾನೆ. ಅವನ ಕೈಯಲ್ಲಿ ತರಬೇತಿ ಸಂಸ್ಥೆಯೊಂದರ ಬಣ್ಣದ ಹಾಳೆ. 'ಮೂರು ತಿಂಗಳಲ್ಲಿ ಇಆರ್‌ಪಿ ಕನ್ಸಲ್ಟೆಂಟ್ ಆಗಬಹುದಂತೆ. ನೀವು ಇಪ್ಪತ್ತು ವರ್ಷದಿಂದ ಅದೇ ಕೆಲಸದಲ್ಲಿದ್ದೀರಲ್ಲ, ಸೇರಿಸಬಹುದೇ ಹೇಳಿ' ಎಂದರು ತಂದೆ.

ಈ ಪ್ರಶ್ನೆ ನನಗೆ ಹೊಸದಲ್ಲ. ಕಾರ್ಖಾನೆಯ ಖರೀದಿ, ಸ್ಟೋರ್ಸ್, ಉತ್ಪಾದನೆ, ಮಾರಾಟ, ಲೆಕ್ಕಪತ್ರ ಎಲ್ಲವನ್ನೂ ಒಂದೇ ತಂತ್ರಾಂಶಕ್ಕೆ ತರುವುದೇ ಇಆರ್‌ಪಿ. ಲಾರಿಯಿಂದ ಇಳಿದ ಮಾಲನ್ನು ಸ್ಟೋರ್ಸ್‌ನವರು ದಾಖಲಿಸಿದ ಕೂಡಲೇ ಅಕೌಂಟ್ಸ್ ವಿಭಾಗದ ಲೆಕ್ಕದಲ್ಲೂ ಅದರ ಬೆಲೆ ಏರುತ್ತದೆ. ಐಬಿಎಂ ಬಿಟ್ಟು ಬಂದ ಐವರು 1972ರಲ್ಲಿ ಜರ್ಮನಿಯಲ್ಲಿ ಕಟ್ಟಿದ ಎಸ್‌ಎಪಿ ಈ ಕ್ಷೇತ್ರದ ದೊಡ್ಡ ಹೆಸರು. ತಂತ್ರಾಂಶ ಸಿದ್ಧವಾಗಿಯೇ ಬರುತ್ತದೆ. ಅದನ್ನು ಆಯಾ ಕಾರ್ಖಾನೆಯ ರೀತಿನೀತಿಗೆ ಹೊಂದಿಸಿ ಕೊಡುವವನು ಕನ್ಸಲ್ಟೆಂಟ್. ಯಾವ ತೆರೆಯಲ್ಲಿ ಯಾವ ಗುಂಡಿ ಒತ್ತಬೇಕೆಂಬುದನ್ನು ಕಲಿಯಲು ಮೂರು ತಿಂಗಳು ನಿಜಕ್ಕೂ ಸಾಕು.

ನಾನೂ ಅಷ್ಟನ್ನೇ ಕಲಿತು 2005ರಲ್ಲಿ ಪೀಣ್ಯದ ಕಾರ್ಖಾನೆಯೊಂದಕ್ಕೆ ಹೋದೆ. ಕತ್ತಿಗೆ ಟೈ ಇತ್ತು. ಏಪ್ರಿಲ್ 1ಕ್ಕೆ ಹೊಸ ವ್ಯವಸ್ಥೆ ಶುರುವಾಗಬೇಕಿತ್ತು. ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ರಾಯರು ಎನ್ನುತ್ತಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ತರಬೇತಿಯ ದಿನ ಹಿಂದಿನ ಬೆಂಚಿನಿಂದ ಕೈಯೆತ್ತಿ, 'ಸಾರ್, ರಾಡ್ ಕೊಳ್ಳೋದು ಕೆ.ಜಿ. ಲೆಕ್ಕದಲ್ಲಿ, ಲೇತ್‌ಗೆ ಕೊಡೋದು ಮೀಟರ್ ಲೆಕ್ಕದಲ್ಲಿ. ಎಲ್ಲಾ ಸೈಜಿಗೂ ಒಂದೇ ಲೆಕ್ಕ ಹಾಕಿದೀರಾ?' ಎಂದು ಕೇಳಿದರು. 'ಅದೆಲ್ಲ ಸಿಸ್ಟಂ ನೋಡಿಕೊಳ್ಳುತ್ತೆ' ಎಂದುಬಿಟ್ಟೆ. ಊಟದ ಹೊತ್ತಾಗಿತ್ತು.

ಉಕ್ಕಿನ ದುಂಡು ರಾಡಿನ ತೂಕ ತೆಗೆಯುವ ಸೂತ್ರ ಡಿಪ್ಲೊಮಾ ಹುಡುಗರಿಗೆಲ್ಲ ಗೊತ್ತು: ಮಿಲಿಮೀಟರಿನಲ್ಲಿ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆ.ಜಿ.ಯಲ್ಲಿ ಸಿಗುತ್ತದೆ. 25 ಮಿ.ಮೀ. ರಾಡ್ ಮೀಟರಿಗೆ 3.86 ಕೆ.ಜಿ., 40 ಮಿ.ಮೀ. ರಾಡ್ 9.88 ಕೆ.ಜಿ. ನಾನು 25ರ ದಾಖಲೆಯನ್ನೇ ನಕಲು ಮಾಡಿ 40ರ ಹೆಸರು ಕೊಟ್ಟಿದ್ದೆ. ತೂಕದ ಅಂಕಿ ಬದಲಿಸಲಿಲ್ಲ. ಸ್ಟೋರ್ಸ್‌ನಲ್ಲಿದ್ದ ಎರಡು ಟನ್ 40 ಮಿ.ಮೀ. ರಾಡ್ ನಿಜವಾಗಿ ಸುಮಾರು 202 ಮೀಟರ್. ಕಂಪ್ಯೂಟರ್ ತೋರಿಸಿದ್ದು 518.

ಏಪ್ರಿಲ್ ಕೊನೆಗೆ ರಾಡ್ ಖಾಲಿಯಾಯಿತು. ತೆರೆಯ ಮೇಲೆ ಇನ್ನೂ 316 ಮೀಟರ್ ಇದ್ದುದರಿಂದ ಖರೀದಿ ವಿಭಾಗಕ್ಕೆ ಸೂಚನೆಯೇ ಹೋಗಿರಲಿಲ್ಲ. ಲೇತ್‌ಗಳು ನಿಂತವು. ಮಾಲು ಎಲ್ಲಿ ಹೋಯಿತೆಂದು ರಾಯರಿಗೆ ಮೆಮೊ ಬಂತು. ಸಂಜೆ ಗೇಟಿನಲ್ಲಿ ಅವರ ಊಟದ ಚೀಲವನ್ನು ಬಿಚ್ಚಿಸಿ ನೋಡಿದರು. ಮೀಟರಿಗೆ ಹತ್ತು ಕೆ.ಜಿ. ತೂಗುವ ರಾಡನ್ನು ಊಟದ ಚೀಲದಲ್ಲಿ ಹುಡುಕಿದವರ ಬುದ್ಧಿಗೆ ಏನು ಹೇಳೋಣ!

ಮರುದಿನ ಮಧ್ಯಾಹ್ನ ರಾಯರು ತಮ್ಮ ಹಳೆಯ ನೋಟ್‌ಬುಕ್ ಹಿಡಿದು ನನ್ನ ಮೇಜಿಗೆ ಬಂದರು. 'ನನ್ನ ಹತ್ರ ಇದ್ದದ್ದೇ ಎರಡು ಟನ್. ಇವರು ಕಳೆದಿದೆ ಅನ್ನೋ 316 ಮೀಟರ್ ಮೂರು ಟನ್ ಆಗುತ್ತೆ. ಇಲ್ಲದ ಮಾಲನ್ನ ಕದಿಯೋದು ಹೇಗೆ ಸಾರ್?' ಹತ್ತು ನಿಮಿಷದಲ್ಲಿ ತಪ್ಪು ಸಿಕ್ಕಿತು. ನನ್ನ ಮೇಲಧಿಕಾರಿ ವರದಿಯಲ್ಲಿ 'ಗ್ರಾಹಕರು ಕೊಟ್ಟ ಮಾಹಿತಿಯ ದೋಷ' ಎಂದು ಬರೆಯಲು ಹೇಳಿದರು. ಹಾಗೆ ಬರೆದರೆ ಮಾಹಿತಿ ಕೊಟ್ಟ ರಾಯರ ತಲೆಗೇ ಬರುತ್ತಿತ್ತು. ಆ ಸಾಲು ಬರೆದೆ, ಹೊಡೆದುಹಾಕಿದೆ. ಮ್ಯಾನೇಜರರ ಕೋಣೆಗೆ ಹೋಗಿ ತಪ್ಪು ನನ್ನದೆಂದು ಹೇಳಿದೆ. ಮೆಮೊ ವಾಪಸಾಯಿತು. ಗೇಟಿನಲ್ಲಿ ಚೀಲ ಬಿಚ್ಚಿಸಿದ್ದನ್ನು ವಾಪಸು ಪಡೆಯುವುದಕ್ಕೆ ಯಾವ ತಂತ್ರಾಂಶದಲ್ಲೂ ಗುಂಡಿಯಿಲ್ಲ.

ಅಂದಿನಿಂದ ಯಾವ ಕಾರ್ಖಾನೆಗೆ ಹೋದರೂ ಮೊದಲ ವಾರ ಲ್ಯಾಪ್‌ಟಾಪ್ ತೆರೆಯುವುದಿಲ್ಲ. ಒಂದು ಲಾರಿಯ ಮಾಲನ್ನು ಗೇಟಿನಿಂದ ಹಿಡಿದು ಅದರ ಬಿಲ್ಲಿನ ಹಣ ಪಾವತಿಯಾಗುವವರೆಗೆ ಹಿಂಬಾಲಿಸುತ್ತೇನೆ. ಅಲ್ಲಿಯ ಹಳಬರ ಖಾಸಗಿ ನೋಟ್‌ಬುಕ್ ಕೇಳಿ ಪಡೆದು ಓದುತ್ತೇನೆ. ಪರೀಕ್ಷೆಗೆ ಸುಲಭದ ಮಾಲು ಬಿಟ್ಟು, ಅವರಿಗೆ ಅತಿ ಹೆಚ್ಚು ತಲೆನೋವು ಕೊಡುವ ಹತ್ತನ್ನು ಆರಿಸಿಕೊಳ್ಳುತ್ತೇನೆ. ಹಬ್ಬದ ಸೀಸನ್ನಿಗೆ ಮುಂಚೆ ಹೊಸ ವ್ಯವಸ್ಥೆ ಶುರುಮಾಡಲು ಒಪ್ಪುವುದಿಲ್ಲ. 1999ರಲ್ಲಿ ಅಮೆರಿಕದ ಹರ್ಷೀಸ್ ಚಾಕಲೇಟ್ ಕಂಪನಿ ಹಾಗೆ ಮಾಡಿ, ಗೋದಾಮಿನಲ್ಲಿ ಮಾಲಿದ್ದರೂ ಹ್ಯಾಲೋವಿನ್ ಹಬ್ಬಕ್ಕೆ ಅಂಗಡಿಗಳಿಗೆ ಕಳಿಸಲಾಗದೆ ಪೇಚಾಡಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗಲೂ ಅಷ್ಟೇ: ತೆರಿಗೆಯ ಲೆಕ್ಕ ಬಲ್ಲವರು ಬೇಗ ದಾರಿ ಕಂಡುಕೊಂಡರು, ಬರೀ ತೆರೆ ಬಲ್ಲವರು ಪರದಾಡಿದರು.

ಹುಡುಗನನ್ನು ಕೇಳಿದೆ: 'ನಿಮ್ಮ ಅಂಗಡಿಗೆ ಸಕ್ಕರೆ ಮೂಟೆಯಲ್ಲಿ ಬರುತ್ತೆ, ಕೆ.ಜಿ.ಯಲ್ಲಿ ಹೋಗುತ್ತೆ. ಸೋರಿದ್ದು, ಇರುವೆ ತಿಂದದ್ದನ್ನ ಅಪ್ಪ ಎಲ್ಲಿ ಬರೀತಾರೆ?' ಅವನು ಅಪ್ಪನ ಮುಖ ನೋಡಿದ. ಮೂರು ವರ್ಷ ಬಿ.ಕಾಂ. ಓದಿದವನು ಮನೆಯ ಖಾತೆ ಪುಸ್ತಕವನ್ನೇ ತೆರೆದಿರಲಿಲ್ಲ. ಕೋರ್ಸಿಗೆ ಬೇಕಾದರೆ ಸೇರಲಿ, ಅದಕ್ಕೆ ಮುಂಚೆ ಆರು ತಿಂಗಳು ಅಂಗಡಿಯ ಸ್ಟಾಕು ಅವನೇ ಬರೆಯಲಿ ಎಂದೆ. ಇಲ್ಲದ ಅನುಭವದ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇವೆ ಎನ್ನುವವರಿಗೆ ಮಾತ್ರ ಹಣ ಕಟ್ಟಬೇಡಿ ಎಂದು ತಂದೆಗೂ ಹೇಳಿದೆ.

ಹೊರಡುವಾಗ ಹುಡುಗ, 'ಆ ರಾಯರು ಆಮೇಲೆ ಏನಾದ್ರು ಅಂಕಲ್?' ಎಂದು ಕೇಳಿದ. ಎರಡು ವರ್ಷದ ನಂತರ ನಿವೃತ್ತರಾದರು. ಅಷ್ಟರಲ್ಲಿ ನನಗಿಂತ ಚೆನ್ನಾಗಿ ಆ ತಂತ್ರಾಂಶ ನಡೆಸುತ್ತಿದ್ದರು. ನೋಟ್‌ಬುಕ್ಕನ್ನು ಸ್ಟೋರ್ಸ್‌ಗೆ ಹೊಸದಾಗಿ ಸೇರಿದ್ದ ಹುಡುಗನಿಗೆ ಕೊಟ್ಟು ಹೋದರಂತೆ.