ಬೆಲ್ಟ್ ಒಂದೇ ಸಾಕಾ, ಭಾವ?

ಭಾವನ ಹಳದಿ ಬೋರ್ಡಿನ ವೆರಿಟೊ ಕಳೆದ ತಿಂಗಳು ಹಲಸೂರಿನ ಗಲ್ಲಿಯೊಂದರ ಗ್ಯಾರೇಜಿನಲ್ಲಿ ಎರಡು ದಿನ ಬಿಚ್ಚಿಕೊಂಡು ನಿಂತಿತ್ತು. ಕೆಟ್ಟಿರಲಿಲ್ಲ. ಅಕ್ಕನ ತಕರಾರೂ ಅದೇ. "ಓಡ್ತಿರೋ ಗಾಡೀನ ಯಾಕೆ ಬಿಚ್ಚಿಸ್ತೀರಿ? ಕಂತು ಯಾರು ಕಟ್ತಾರೆ?" ಕೆ.ಆರ್.ಪುರದ ಅವರ ಮನೆ ನಡೆಯುವುದೇ ಆ ಕಾರಿನಿಂದ. ಅವಳು ಕೇಳಿದ್ದರಲ್ಲಿ ತಪ್ಪೇನಿಲ್ಲ.

ಬದಲಿಸಬೇಕಿದ್ದದ್ದು ಟೈಮಿಂಗ್ ಬೆಲ್ಟ್. ಇಂಜಿನ್ನಿನ ಕೆಳಗಿನ ಕ್ರ್ಯಾಂಕ್ ಎರಡು ಸುತ್ತು ಬಂದರೆ ಮೇಲಿನ ಕ್ಯಾಮ್ ಒಂದು ಸುತ್ತು ಬರಬೇಕು. ಆ ಲೆಕ್ಕ ತಪ್ಪದಂತೆ ಕಾಯುವುದು ಹಲ್ಲುಗಳಿರುವ ಒಂದು ರಬ್ಬರ್ ಪಟ್ಟಿ. ಅದು ಹರಿದರೆ ತೆರೆದ ವಾಲ್ವ್‌ಗೆ ಪಿಸ್ಟನ್ ಗುದ್ದುತ್ತದೆ, ಆಮೇಲೆ ಹೆಡ್ಡೇ ಇಳಿಸಬೇಕು. ಬಹಳ ಸಲ ಮುನ್ಸೂಚನೆಯೂ ಇರುವುದಿಲ್ಲ. ಅದಕ್ಕೇ ಕಿಲೋಮೀಟರ್ ಮುಗಿಯದಿದ್ದರೂ ವರ್ಷ ಮುಗಿದರೆ ಬದಲಿಸಿ ಅನ್ನುತ್ತಾರೆ. ಭಾವನದು ಸೆಕೆಂಡ್ ಹ್ಯಾಂಡ್ ಕಾರು. ಹಿಂದಿನವರು ಬೆಲ್ಟ್ ಹಾಕಿಸಿದ್ದರು ಅನ್ನುವುದಕ್ಕೆ ಒಂದು ಚೀಟಿಯೂ ಇರಲಿಲ್ಲ.

ಭಾವ ದುಡ್ಡು ಹೊಂದಿಸಿಕೊಂಡು ಬಂದಿದ್ದು ಬೆಲ್ಟ್‌ಗೆ ಮಾತ್ರ. ಉಸ್ತಾದ್ ಕವರ್ ತೆಗೆದು, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರನ್ನು ಬೆರಳಲ್ಲಿ ತಿರುಗಿಸಿದರು. ಗರಗರ ಅಂತು. ಡಸ್ಟರ್‌ನಲ್ಲೂ ಬರುತ್ತಿದ್ದ ಈ 1.5 ಲೀಟರ್ ಡೀಸೆಲ್ ಇಂಜಿನ್ನಿನಲ್ಲಿ ವಾಟರ್ ಪಂಪ್ ತಿರುಗುವುದೂ ಇದೇ ಬೆಲ್ಟಿನಿಂದ. ಪಂಪಿನ ಬೇರಿಂಗ್ ಹಿಡಿದುಕೊಂಡರೆ, ಇಲ್ಲವೇ ಕೂಲಂಟ್ ಸೋರಿ ರಬ್ಬರ್ ಮೇಲೆ ಬಿದ್ದರೆ, ಹೊಸ ಬೆಲ್ಟೂ ಹೋಯಿತು.

"ಬೆಲ್ಟ್ ಒಂದೇ ಹಾಕು ಅಂದ್ರೆ ಹಾಕ್ತೀನಿ ಸಾರ್. ನಾಳೆ ಪಂಪ್ ಸೋರಿದ್ರೆ ಮತ್ತೆ ಇಷ್ಟೂ ಬಿಚ್ಚಬೇಕು. ಕೂಲಿ ಬರೋದು ನನಗೇ, ನನಗೇನು ನಷ್ಟ?"

ನನಗೆ ಊರಿನ ಬೋರ್‌ವೆಲ್ ನೆನಪಾಯಿತು. ನಮ್ಮ ಕೋಲಾರದ ಕಡೆ ಮೋಟಾರ್ ಸುಟ್ಟರೆ ನೂರಾರು ಅಡಿ ಪೈಪ್ ಎತ್ತಬೇಕು. ಅರ್ಧ ದುಡ್ಡು ಎತ್ತಿ ಇಳಿಸುವುದಕ್ಕೇ ಹೋಗುತ್ತದೆ. ಮೋಟಾರ್ ಮೇಲೆ ಬಂದ ದಿನ ಅಪ್ಪ ಕೇಬಲ್ ಜಾಯಿಂಟ್ ಮುಟ್ಟಿ ನೋಡುತ್ತಿದ್ದರು, ತುಕ್ಕು ಹಿಡಿದ ಪೈಪನ್ನು ಪಕ್ಕಕ್ಕೆ ಹಾಕಿಸುತ್ತಿದ್ದರು. ಅದೆಲ್ಲ ಆಗದೆ ಇಳಿಸಲು ಬಿಡುತ್ತಿರಲಿಲ್ಲ. ಭಾವನಿಗೆ ಇದನ್ನು ಹೇಳಿದೆ. ಉಸ್ತಾದ್ ಮಾತಿಗೆ ಜಗ್ಗದವರು ಮಾವನ ಬೋರ್‌ವೆಲ್‌ಗೆ ತಲೆ ಆಡಿಸಿದರು.

ಆದರೂ ದುಡ್ಡು ಎಲ್ಲಿಂದ ಬರಬೇಕು? "ಶಿವಾಜಿನಗರದ ಗುಜರಿಯಲ್ಲಿ ಪಂಪ್ ನೋಡೋಣ ಬಾ" ಅಂದರು. ಹೋದೆವು. ಸಾಲು ಸಾಲು ಅಂಗಡಿ, ಗೋಣಿಚೀಲದ ಮೇಲೆ ಗೇರ್‌ಬಾಕ್ಸು, ನೇತುಹಾಕಿದ ಬಾಗಿಲುಗಳು, ಎಣ್ಣೆ ಕುಡಿದು ಕಪ್ಪಾದ ನೆಲ. ಆ ಬೀದಿಯ ಬಗ್ಗೆ ನನಗೆ ಗೌರವವಿದೆ. ಹಿಂದೊಮ್ಮೆ ಇದೇ ಕಾರಿನ ಸೈಡ್ ಮಿರರ್ ಅಲ್ಲೇ ಸಿಕ್ಕಿತ್ತು, ಇವತ್ತಿಗೂ ಗಟ್ಟಿಯಾಗಿದೆ. ಪಂಪೂ ಸಿಕ್ಕಿತು, ಆರುನೂರು ರೂಪಾಯಿಗೆ. ಕೈಯಲ್ಲಿ ನುಣ್ಣಗೆ ತಿರುಗಿತು. ಎಷ್ಟು ಓಡಿದೆ ಅಂತ ಕೇಳಿದೆ. ಅಂಗಡಿಯವರು ನಕ್ಕರು. "ಅದು ನನಗೇ ಗೊತ್ತಿಲ್ಲ ತಮ್ಮಾ. ಬಾಗಿಲು, ಗ್ಲಾಸು ಇಲ್ಲಿ ತಗೋ. ಬೇರಿಂಗ್ ಇರೋದು ಹೊಸದು ತಗೋ."

ವ್ಯಾಪಾರ ಬಿಟ್ಟು ಹೇಳಿದ ಮಾತು. ಕೇಳದೆ ಇರಲಾಗಲಿಲ್ಲ. ಬೆಲ್ಟು, ಟೆನ್ಷನರು, ಪಂಪು ಮೂರೂ ಇರುವ ಕಿಟ್ಟನ್ನು ಜೆ.ಸಿ. ರಸ್ತೆಯಿಂದ ತಂದೆವು. ಅರ್ಧ ದುಡ್ಡು ನಾನು ಹಾಕಿದೆ, ಅಕ್ಕನಿಗೆ ಹೇಳಿಲ್ಲ.

ಉಸ್ತಾದ್ ಇನ್ನೊಂದು ಕೇಳಿದರು: ಆಲ್ಟರ್ನೇಟರ್, ಎಸಿ ಓಡಿಸುವ ಹೊರಗಿನ ಬೆಲ್ಟ್. ಅದಕ್ಕೂ ಟೈಮಿಂಗ್‌ಗೂ ಏನು ಸಂಬಂಧ ಅಂದರು ಭಾವ. ಆ ಬೆಲ್ಟ್ ನಾರೆದ್ದು ಕಿತ್ತರೆ ಎಳೆಗಳು ಕ್ರ್ಯಾಂಕ್ ಪುಲ್ಲಿಯ ಹಿಂದಿನಿಂದ ಟೈಮಿಂಗ್ ಕವರ್ ಒಳಕ್ಕೆ ನುಗ್ಗಿ, ಒಳಗಿನ ಬೆಲ್ಟಿನ ಹಲ್ಲು ತಪ್ಪಿಸುತ್ತವಂತೆ. ಅದನ್ನೂ ಹಾಕಿಸಿದೆವು. ಕ್ರ್ಯಾಂಕ್ ಪುಲ್ಲಿಯ ಬೋಲ್ಟೂ ಹೊಸದಾಯಿತು. ಆಯಿಲ್ ಸೀಲ್‌ಗಳು ಒಣಗಿದ್ದವು, ಸೋರಿರಲಿಲ್ಲ. ಬಿಟ್ಟೆವು.

ಉಳಿದದ್ದು ಇಂಜಿನ್ ಮೌಂಟಿಂಗ್. ಬೆಲ್ಟ್ ತೆಗೆಯಲು ಬಲಗಡೆಯದನ್ನು ಹೇಗೂ ಬಿಚ್ಚಲೇಬೇಕು. ಬಿಚ್ಚಿದಾಗ ರಬ್ಬರ್ ಸೀಳಿದ್ದು ಕಾಣಿಸಿತು. ಅಷ್ಟರಲ್ಲಿ ಇಬ್ಬರ ಜೇಬೂ ಖಾಲಿ. ಬೆಲ್ಟ್ ಮುಟ್ಟದೆ ಇನ್ನೊಮ್ಮೆ ಬದಲಿಸಬಹುದು ಅಂದರು ಉಸ್ತಾದ್. ಹಳೆಯದೇ ಕೂತಿತು.

ಮೊನ್ನೆ ಅಕ್ಕನ ಜೊತೆ ಹೋಗುತ್ತಿದ್ದೆವು. ಟಿನ್ ಫ್ಯಾಕ್ಟರಿ ಸಿಗ್ನಲ್‌ನಲ್ಲಿ ನಿಂತಾಗ ಕಾರು ಜ್ವರ ಬಂದವರಂತೆ ನಡುಗಿತು. "ಅಷ್ಟು ದುಡ್ಡು ಸುರಿದ ಮೇಲೂ ಇದೇನ್ರೀ ಹೀಗೆ?" ಅಂದಳು. ಭಾವ ಕನ್ನಡಿಯಲ್ಲಿ ನನ್ನನ್ನು ನೋಡಿದರು. ನಾನು ಕಿಟಕಿಯಾಚೆ ನೋಡಿದೆ.