ಅಮ್ಮನ ಬೆನ್ನ ಮೇಲೆ ಮೂಡಿದ ಚೌಕ

ಕುರುಡುಮಲೆ ಗಣಪನ ಗುಡಿ ಹತ್ತಿರ ಒಂದು ಸುದ್ದಿ ಮುಗಿಸಿ ಮನೆಗೆ ಬಂದರೆ ಅಮ್ಮ ಬಾಗಿಲಿಗೆ ಬೆನ್ನು ಉಜ್ಜುತ್ತಾ ನಿಂತಿದ್ದಳು. "ನೀನು ತಂದ ಪ್ಲಾಸ್ಟರ್ ಕಿತ್ತಾಕಿದ್ರೂ ಅಲ್ಲೇ ಕೂತದೆ ಕಣೋ" ಅಂದಳು. ನೋಡಿದರೆ ಭುಜದ ಹಿಂದೆ ಗೆರೆ ಎಳೆದಂತೆ ಕೆಂಪು ಚೌಕ. ಒಳಗೆಲ್ಲ ಸಣ್ಣ ಸಣ್ಣ ಗುಳ್ಳೆ.

ತಂದುಕೊಟ್ಟವನು ನಾನೇ. ಟೊಮೆಟೊ ಸೀಸನ್, ದಿನವಿಡೀ 15 ಕೆ.ಜಿ. ಬಾಕ್ಸ್ ಎತ್ತಿ ರಾತ್ರಿ ನರಳುತ್ತಿದ್ದಳು. ಬಿಡಿಯಾಗಿ ಒಂದು ನೋವಿನ ಪ್ಲಾಸ್ಟರ್ ತಂದೆ. ದುಡ್ಡು ಕೊಟ್ಟಿದ್ದು ದಂಡ ಆಗಬಾರದು ಅಂತ ಎರಡು ದಿನ ಕಿತ್ತಿರಲಿಲ್ಲ.

ಆಮೇಲೆ ನಾನು ಮಾಡಿದ್ದೂ ತಪ್ಪೇ. ಮೆಡಿಕಲ್‌ನಲ್ಲಿ ತುರಿಕೆಗೆ ಅಂತ ಕೇಳಿ ಒಂದು ಟ್ಯೂಬ್ ತಂದು ಹಚ್ಚಿಸಿದೆ. ಮೂರನೇ ದಿನ ಗುಳ್ಳೆ ಒಡೆದು ನೀರು ಸೋರಿತು. ಮುಳಬಾಗಿಲಿನ ಡಾಕ್ಟರು ಮೊದಲು ನೋಡಿದ್ದು ಆ ಟ್ಯೂಬನ್ನೇ. ಜೋರು ಸ್ಟೀರಾಯ್ಡ್, ಫಂಗಸ್ ಔಷಧಿ, ಆಂಟಿಬಯೋಟಿಕ್ ಎಲ್ಲ ಬೆರೆಸಿದ್ದು. ಸುಮ್ಮನೆ ಹಚ್ಚುತ್ತಾ ಹೋದರೆ ಚರ್ಮವೇ ತೆಳುವಾಗುತ್ತದಂತೆ.

ಅಲರ್ಜಿ ಔಷಧಿಯಿಂದಲೂ ಆಗಬಹುದು, ಅಂಟಿನಿಂದಲೂ ಆಗಬಹುದು. ಕೆಲವು ಅಂಟಿನಲ್ಲಿ ಮರದ ರಾಳ, ರಬ್ಬರಿನ ಕೆಮಿಕಲ್ ಇರುತ್ತದೆ. ಬರೀ ಉರಿಯಾದರೆ ಅಂಟಿಸಿದ ಜಾಗಕ್ಕೇ ನಿಂತು ಬೇಗ ಇಳಿಯುತ್ತದೆ. ಅಲರ್ಜಿ ಸಾಮಾನ್ಯವಾಗಿ ಒಂದೆರಡು ದಿನ ಬಿಟ್ಟು ಬಂದು ಅಂಚು ದಾಟಿ ಹರಡುತ್ತದೆ. ಅದೇ ಪ್ಲಾಸ್ಟರ್ ಮತ್ತೆ ಹಾಕಿದರೆ ಇನ್ನೂ ಬೇಗ ಬರುತ್ತದೆ.

"ಕವರ್ ಎಲ್ಲಿ?" ಅಂದರು ಡಾಕ್ಟರು. ಒಲೆಗೆ ಹೋಗಿತ್ತು. ಅದರಲ್ಲಿ ಕೀಟೋಪ್ರೊಫೆನ್ ಇದ್ದಿದ್ದರೆ ಕಿತ್ತ ಮೇಲೂ ಎರಡು ವಾರ ಆ ಜಾಗಕ್ಕೆ ಬಿಸಿಲು ತಾಗಬಾರದಂತೆ. ಹೊಲದಲ್ಲಿ ದುಡಿಯುವವರಿಗೆ ಇದನ್ನು ಯಾರು ಹೇಳುತ್ತಾರೆ? ಗೊತ್ತಾಗದ ಕಾರಣಕ್ಕೆ ಅಮ್ಮ ಎರಡು ವಾರ ಅಪ್ಪನ ದಪ್ಪ ಅಂಗಿ ಹಾಕಿಕೊಂಡೇ ಹೊಲಕ್ಕೆ ಹೋದಳು. ಅದಕ್ಕೂ ಮುಂಚೆ ನಾಲ್ಕು ದಿನದ ಕೂಲಿ ಹೋಗಿತ್ತು.

ಮನೆಯಲ್ಲಿ ಮಾಡಿದ್ದು ಇಷ್ಟೇ. ತಣ್ಣೀರು, ಸಾದಾ ಸೋಪಿನಲ್ಲಿ ಮೆಲ್ಲಗೆ ತೊಳೆದು, ಒದ್ದೆ ಬಟ್ಟೆ ಹತ್ತು ನಿಮಿಷ ಇಡುವುದು. ಡಾಕ್ಟರು ಕೊಟ್ಟ ಕ್ರೀಮ್ ಹೇಳಿದಷ್ಟು ದಿನ ಮಾತ್ರ ತೆಳ್ಳಗೆ ಹಚ್ಚುವುದು. ರಾತ್ರಿ ತುರಿಕೆಗೆ ಒಂದು ಮಾತ್ರೆ. ಬಿಸಿನೀರು, ಸುಣ್ಣ, ಅರಿಶಿನ ಬೇಡ ಅಂದರು. ಗುಳ್ಳೆ ನಾವಾಗಿ ಒಡೆಯಬಾರದು. ಮುಖ ಊದಿದರೆ, ಉಸಿರು ಕಟ್ಟಿದರೆ ಕಾಯದೆ 108ಕ್ಕೆ ಫೋನ್ ಮಾಡಿ ಅಂತಲೂ ಹೇಳಿದರು.

ಚೌಕದ ಕಲೆ ಇನ್ನೂ ಮಾಸಿಲ್ಲ. ಭುಜದ ನೋವು ಮತ್ತೆ ಬಂದಿದೆ. ಈಗ ಬಾಕ್ಸಿನ ಇನ್ನೊಂದು ಕಡೆ ಹಿಡಿಯಲು ಪಕ್ಕದ ಮನೆಯವಳನ್ನು ಕರೆಯುತ್ತಾಳೆ. ಭಾನುವಾರ ನನ್ನನ್ನು.